ಚಾರ್ಜ್ ತಗೊಂಡ ಮೇಷ್ಟ್ರು

ಸರ್ಕಾರಿ ನೌಕರನಿಗೆ 60 ತುಂಬಿದ ಕೂಡಲೇ ಸರ್ಕಾರ ಅವನನ್ನು ಮನೆಗೆ ಕಳಿಸುತ್ತದೆ. ಕಳಿಸುವ ಮುಂಚೆ ಮನೆಯವರನ್ನು ಒಂದು ಮಾತು ಕೇಳುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ಗೋಡೆ ಗಡಿಯಾರ ಕೊಟ್ಟು, ಗ್ರೂಪ್ ಫೋಟೊ ತೆಗೆಸಿ, ನಿವೃತ್ತಿ ಜೀವನ ಸುಖಕರವಾಗಿರಲಿ ಎಂದು ಹಾರೈಸಿ ಕೈ ತೊಳೆದುಕೊಳ್ಳುತ್ತದೆ. ಯಾರ ಜೀವನ ಎಂಬುದನ್ನು ಮಾತ್ರ ಬಿಡಿಸಿ ಹೇಳುವುದಿಲ್ಲ.

ನಿವೃತ್ತರಲ್ಲಿ ಕೆಲವರು ಹೊಲದ ಹಾದಿ ಹಿಡಿಯುತ್ತಾರೆ. ಕೆಲವರು ಮಠದ ಕಮಿಟಿ ಸೇರುತ್ತಾರೆ. ಇನ್ನು ಕೆಲವರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಂದಿಟ್ಟುಕೊಂಡು ಮಧ್ಯಾಹ್ನದವರೆಗೆ ದೇಶ ನಡೆಸುತ್ತಾರೆ. ಇವರಿಂದ ಯಾರಿಗೂ ತೊಂದರೆಯಿಲ್ಲ, ದೇಶಕ್ಕೂ ಇಲ್ಲ. ತೊಂದರೆ ಇರುವುದು ಅಡುಗೆಮನೆಯ ಚಾರ್ಜ್ ತಗೊಳ್ಳುವವರಿಂದ. ಹಿರೇಹಡಗಲಿಯ ನಮ್ಮ ಓಣಿಯಲ್ಲಿ ಅಂಥವರೊಬ್ಬರಿದ್ದಾರೆ. ಹೊಳಲಿನಲ್ಲೋ ಸೋಗಿಯಲ್ಲೋ ಕೊಟ್ಟೂರಿನ ತೇರುಬೀದಿಯಲ್ಲೋ ವಿಚಾರಿಸಿದರೆ ಇನ್ನೂ ನಾಲ್ಕು ಮಂದಿ ಸಿಕ್ಕಾರು. ಊರು ಇವರನ್ನು ಮೇಷ್ಟ್ರು ಎನ್ನುತ್ತದೆ, ನಾವೂ ಹಾಗೇ ಅನ್ನೋಣ. ಅವರ ಹೆಂಡತಿ ಓಣಿಗೆಲ್ಲ ದೊಡ್ಡಮ್ಮ.

ಅಡುಗೆಮನೆ ನನಗೆ ಹೊಸದಲ್ಲ ಎನ್ನುವುದು ಮೇಷ್ಟ್ರ ವಾದ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹ ಮೊದಲು ಶುರುವಾದದ್ದು ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ, ಅದರಲ್ಲಿ ನಮ್ಮ ಬಳ್ಳಾರಿಯೂ ಒಂದು. ಅಂದಿನಿಂದ ಅಕ್ಕಿ ಮೂಟೆ, ತೊಗರಿ ಬೇಳೆ, ಎಣ್ಣೆ ಪ್ಯಾಕೆಟ್ಟು, ಉಗ್ರಾಣದ ಕೀಲಿಕೈ ಎಲ್ಲವೂ ಮೇಷ್ಟ್ರ ಸುಪರ್ದಿ. ಒಂದರಿಂದ ಐದನೇ ತರಗತಿಗೆ ತಲೆಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಎಂಬ ಲೆಕ್ಕ ಅವರಿಗೆ ನಿದ್ದೆಯಲ್ಲೂ ತಪ್ಪುವುದಿಲ್ಲ. ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರು ರುಚಿ ನೋಡಬೇಕೆಂಬ ನಿಯಮವನ್ನಂತೂ ಅವರು ಒಂದು ದಿನವೂ ಮುರಿದವರಲ್ಲ. ಹೀಗೆ ವರ್ಷಗಟ್ಟಲೆ ಅಡುಗೆಯ ಲೆಕ್ಕ ಬರೆದೂ ಬರೆದೂ ತಮಗೆ ಅಡುಗೆಯೇ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಗಟ್ಟಿಯಾಗಿತ್ತು.

ಅವರು ವಶಪಡಿಸಿಕೊಂಡ ಅಡುಗೆಮನೆಯನ್ನು ಸ್ವಲ್ಪ ನೋಡಿ. ಹಳೆಯ ಮಾಳಿಗೆ ಮನೆ. ಅಣ್ಣ ತಮ್ಮಂದಿರು ಪಾಲಾದಾಗ ಹೊಲ ಅಳೆದರು, ಎತ್ತು ಹಂಚಿಕೊಂಡರು, ದೊಡ್ಡ ಅಡುಗೆಮನೆಯ ನಟ್ಟನಡುವೆ ಒಂದು ಗೋಡೆ ಎಬ್ಬಿಸಿದರು. ದೇವರ ಜಗುಲಿ ಅಣ್ಣನ ಕಡೆಗೆ ಹೋಯಿತು, ಬಚ್ಚಲಿನ ಬಾಗಿಲು ಇವರ ಕಡೆಗೆ ಬಂತು. ಬೆಳಕಿಂಡಿ ಸರಿಯಾಗಿ ಗೋಡೆಯ ಮೇಲೆ ಬಿದ್ದು ಇಬ್ಬರಿಗೂ ಅರ್ಧರ್ಧ ಸಿಕ್ಕಿತು. ಉಳಿದ ಆ ಕಿರುಕೋಣೆಯಲ್ಲಿ ಗ್ಯಾಸ್ ಕಟ್ಟೆ, ಅದರ ಕೆಳಗೆ ಸಿಲಿಂಡರು, ಮೂಲೆಯಲ್ಲಿ ರೊಟ್ಟಿಗೆಂದೇ ಉಳಿಸಿಕೊಂಡ ನೆಲದೊಲೆ, ಗೋಡೆಯೊಳಗೆ ಎರಡು ಗೂಡು, ಮೇಲೆ ನಾಗಂದಿಗೆ, ಕೆಳಗೆ ಫ್ರಿಜ್ಜು. ಬೆಳಿಗ್ಗೆ ಏಳಕ್ಕೆ ಇಲ್ಲಿ ನಡೆಯುವ ಗದ್ದಲ ನೋಡಬೇಕು. ಸೊಸೆ ಹಡಗಲಿಯಲ್ಲಿ ಕೆಲಸಕ್ಕಿದ್ದಾಳೆ, ಅವಳಿಗೆ ಬಸ್ಸಿನ ಅವಸರ. ಮೊಮ್ಮಕ್ಕಳಿಬ್ಬರಿಗೂ ಟಿಫಿನ್ ಡಬ್ಬಿ ಆಗಬೇಕು. ಮಗ ಮೆಕ್ಕೆಜೋಳದ ಹೊಲಕ್ಕೆ ಬುತ್ತಿ ಒಯ್ಯುವವನು. ಮೇಷ್ಟ್ರ ತಾಯಿಗೆ ಖಾರವಿಲ್ಲದ ಗಂಜಿ ಬೇರೆ. ಇಷ್ಟೂ ದೊಡ್ಡಮ್ಮನ ಎರಡು ಕೈಯಲ್ಲಿ, ಒಂದೂವರೆ ತಾಸಿನಲ್ಲಿ ಆಗುತ್ತಿತ್ತು. ಯಾವ ಡಬ್ಬಿಯ ಮೇಲೂ ಹೆಸರಿರಲಿಲ್ಲ. ಬೋರ್ನ್‌ವಿಟಾ ಡಬ್ಬಿಯಲ್ಲಿ ಗುರೆಳ್ಳು ಪುಡಿ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುಣಸೆಹಣ್ಣು, ದೀಪಾವಳಿಗೆ ಬಂದ ಸ್ವೀಟ್ ಡಬ್ಬಿಯಲ್ಲಿ ರವೆ. ದೊಡ್ಡಮ್ಮ ತಿರುಗಿ ನೋಡದೆ ಹಿಂದಕ್ಕೆ ಕೈ ಚಾಚಿದರೆ ಬೇಕಾದದ್ದೇ ಕೈಗೆ ಬರುತ್ತಿತ್ತು.

ಈ ಅವ್ಯವಸ್ಥೆ ಮೇಷ್ಟ್ರ ಕಣ್ಣಿಗೆ ಬಿತ್ತು.

ಅದಕ್ಕೆ ತುಪ್ಪ ಸುರಿದದ್ದು ಮೊಬೈಲು. ಚಿಕ್ಕ ಅಡುಗೆಮನೆಯನ್ನು ಹೊಂದಿಸುವ ವಿಡಿಯೊ ಒಂದು ನೋಡಿದರೆ ಅದು ತಾನಾಗಿ ಇನ್ನೂ ಹತ್ತು ತೋರಿಸುತ್ತದೆ. ಅದರಲ್ಲೆಲ್ಲೋ ಅವರಿಗೆ ಫ್ರಾಂಕ್‌ಫರ್ಟ್ ಅಡುಗೆಮನೆಯ ಕಥೆ ಸಿಕ್ಕಿತು. ಆಸ್ಟ್ರಿಯಾದ ಮಾರ್ಗರೆಟೆ ಶ್ಯುಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಆ ಊರಿನ ಕಾರ್ಮಿಕರ ಮನೆಗಳಿಗೆಂದು ಮಾಡಿದ ನಕ್ಷೆ ಅದು. ಆರಡಿ ಚಿಲ್ಲರೆ ಅಗಲ, ಸುಮಾರು ಹನ್ನೊಂದಡಿ ಉದ್ದ. ಹೆಂಗಸು ಒಲೆಯಿಂದ ತೊಟ್ಟಿಗೆ ಎಷ್ಟು ಹೆಜ್ಜೆ ಹಾಕುತ್ತಾಳೆ ಎಂದು ಲೆಕ್ಕ ಹಾಕಿ, ಆ ಹೆಜ್ಜೆ ಉಳಿಸಿದ ಅಡುಗೆಮನೆ. ಅಕ್ಕಿ, ಸಕ್ಕರೆ ಮುಂತಾದವಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಖಾನೆಗಳು. ಹೀಗೆ ಸುಮಾರು ಹತ್ತು ಸಾವಿರ ಮನೆಗಳಲ್ಲಿ ಕೂಡಿಸಿದರಂತೆ. ಮೇಷ್ಟ್ರು ರೋಮಾಂಚನಗೊಂಡರು. ಆದರೆ ಅದೇ ಕಥೆಯ ಎರಡು ಸಂಗತಿಗಳನ್ನು ಜಾಣತನದಿಂದ ಬಿಟ್ಟರು. ಒಂದು, ಆ ಪುಣ್ಯಾತ್ಗಿತ್ತಿ ನಕ್ಷೆ ಬರೆಯುವ ಹೊತ್ತಿಗೆ ತನಗೆ ಅಡುಗೆ ಮಾಡಿ ಗೊತ್ತೇ ಇರಲಿಲ್ಲವೆಂದು ತಾನೇ ಹೇಳಿಕೊಂಡಿದ್ದಳು. ಇನ್ನೊಂದು, ಕೆಲಸ ಮಾಡುವವಳು ಕೂರಲಿ ಎಂದು ಅಲ್ಲೊಂದು ತಿರುಗುವ ಸ್ಟೂಲು ಇಟ್ಟಿದ್ದಳು. ನಮ್ಮ ಮೇಷ್ಟ್ರು ಮೊದಲು ಮಾಡಿದ ಕೆಲಸವೆಂದರೆ ದೊಡ್ಡಮ್ಮ ಕೂತು ರೊಟ್ಟಿ ಬಡಿಯುತ್ತಿದ್ದ ನೆಲದೊಲೆ ಕೀಳಿಸಿದ್ದು.

‘ನಿಂತು ಮಾಡೋದು ಸೈಂಟಿಫಿಕ್’ ಎಂದರು.

‘ಹಂಗಾರ ನೀವೂ ನಿಂತೇ ಉಣ್ರಿ’ ಎಂದರು ದೊಡ್ಡಮ್ಮ.

ಎರಡನೆಯ ಕೆಲಸ ಡಬ್ಬಿಗಳ ವರ್ಗಾವಣೆ. ಹಡಗಲಿಯಿಂದ ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳು ಬಂದವು. ಬೋರ್ಡಿನ ಮೇಲೆ ಬರೆದು ಪಳಗಿದ ಕೈಯಿಂದ ದುಂಡಗೆ ಹೆಸರು ಬರೆದು ಅಂಟಿಸಿದರು. ಇಲ್ಲಿಯವರೆಗೆ ಸರಿಯೇ. ಆಮೇಲೆ ಜೋಡಿಸುವ ಕ್ರಮದ ಪ್ರಶ್ನೆ ಬಂತು. ಹಾಜರಿ ಪುಸ್ತಕ ಬರೆದವರಿಗೆ ಒಂದೇ ಕ್ರಮ ಗೊತ್ತು, ವರ್ಣಮಾಲೆ. ಅಕ್ಕಿ, ಅಗಸಿ, ಅರಿಶಿನ, ಇಂಗು, ಉದ್ದು, ಉಪ್ಪು, ಎಣ್ಣೆ, ಎಳ್ಳು, ಏಲಕ್ಕಿ ಎಂದು ಸ್ವರಗಳೆಲ್ಲ ಬಾಗಿಲ ಕಡೆಯ ಗೂಡಿನಲ್ಲಿ ಕೂತವು. ಕ ವರ್ಗದಿಂದ ಮ ವರೆಗೆ ಒಲೆಯ ಮೇಲಿನ ಹಲಗೆ. ಯ ದಿಂದ ಮುಂದಿನವು ಬಚ್ಚಲಿನ ಪಕ್ಕ. ಶೇಂಗಾ, ಸಕ್ಕರೆ, ಸಾಸಿವೆ, ಹುಣಸೆ, ಹೆಸರುಬೇಳೆ, ಪಾಪ, ಸಾಲಿನ ಕೊನೆಯ ಹುಡುಗರ ಹಾಗೆ ಅಲ್ಲಿ ತೇವದಲ್ಲಿ ನಿಂತವು.

ಮರುದಿನ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕಬೇಕಿತ್ತು. ದೊಡ್ಡಮ್ಮ ಸ್ವರಗಳ ಗೂಡಿನಿಂದ ಎಣ್ಣೆ ತಂದು ಬಾಣಲೆಗೆ ಬಿಟ್ಟರು. ಸಾಸಿವೆಗೆ ಬಚ್ಚಲಿನ ತನಕ ಹೋದರು. ದಾರಿಯಲ್ಲಿ ಟಿಫಿನ್ ಡಬ್ಬಿ ಹಿಡಿದು ನಿಂತ ಮೊಮ್ಮಗನನ್ನು ದಾಟಿ ಬರುವಷ್ಟರಲ್ಲಿ ಎಣ್ಣೆ ಹೊಗೆಯಾಡುತ್ತಿತ್ತು. ಸಾಸಿವೆ ಹಾಕಿದ್ದೇ ತಡ ಸಿಡಿದು ಕಪ್ಪಾಯಿತು. ಜೀರಿಗೆ ನಡುವಿನ ಹಲಗೆಯ ಮೇಲೆ, ಅದಕ್ಕೆ ಕೈ ಎತ್ತಿದರೆ ಕೆಳಗಿನ ಬಾಣಲೆಯ ಹೊಗೆ ನೇರ ಮೂಗಿಗೆ. ಇಂಗಿಗೆ ಮತ್ತೆ ಬಾಗಿಲ ಗೂಡಿಗೆ ಓಡಬೇಕು. ಇಂಗು ಬರುವ ಹೊತ್ತಿಗೆ ಒಗ್ಗರಣೆ ಮುಗಿದು ಓಣಿಯವರು ಕೆಮ್ಮುತ್ತಿದ್ದರು. ಚಹಾಪುಡಿ ‘ಚ’ದಲ್ಲಿ, ಸಕ್ಕರೆ ‘ಸ’ದಲ್ಲಿ ಇದ್ದದ್ದರಿಂದ ಅಂದು ಮೇಷ್ಟ್ರಿಗೂ ಚಹಾ ತಡವಾಯಿತು. ಸೊಸೆಗೆ ಬಸ್ಸು ತಪ್ಪಿತು. ‘ಮಾವಾರ, ನಾಳಿಂದ ನಂದೊಂದು ಲೀವ್ ಲೆಟರ್ ನೀವ ಬರೀರಿ’ ಎಂದು ಅವಳು ನಕ್ಕೇ ಹೇಳಿದಳು. ಆ ನಗು ಮೇಷ್ಟ್ರಿಗೆ ಮೆಚ್ಚುಗೆಯ ಹಾಗೆ ಕಂಡಿತು.

ಈ ಜಾತಿಯವರ ಲಕ್ಷಣವೇ ಇದು. ಅಡುಗೆ ಕೆಟ್ಟರೆ ಅವರು ಜೋಡಣೆಯನ್ನು ಅನುಮಾನಿಸುವುದಿಲ್ಲ, ಇನ್ನಷ್ಟು ಜೋಡಿಸುತ್ತಾರೆ. ಹದಿನೈದು ದಿನಕ್ಕೊಮ್ಮೆ ಹೊಸ ವಿಡಿಯೊ, ಹೊಸ ಕ್ರಮ. ವರ್ಣಮಾಲೆ ಹೋಗಿ ಬಣ್ಣ ಬಂತು, ಬಣ್ಣ ಹೋಗಿ ಎತ್ತರ ಬಂತು. ದಿನಕ್ಕೆ ಎಷ್ಟು ಅಕ್ಕಿ ಬೇಕೆಂದು ಲೆಕ್ಕ ಹಾಕುವಾಗ ದೊಡ್ಡಮ್ಮನನ್ನು 100 ಗ್ರಾಂಗೆ ಸೇರಿಸಬೇಕೋ 150ಕ್ಕೋ ಎಂದು ಕೇಳಿ ಅರ್ಧ ದಿನ ಮಾತಿಲ್ಲದ ಮನೆಯಲ್ಲಿ ಕೂತರು. ಜಾಗ ಪೋಲಾಗಬಾರದು ಎಂಬುದಕ್ಕೆ ಊರಿನ ಕಲ್ಲೇಶ್ವರ ಗುಡಿಯನ್ನೇ ಸಾಕ್ಷಿಗೆ ಕರೆದರು. ಕಲ್ಯಾಣದ ಚಾಲುಕ್ಯರ ಕಾಲದ ಆ ಬಾಗಿಲವಾಡದಲ್ಲಿ ಕೆತ್ತನೆಯಿಲ್ಲದ ಒಂದಂಗುಲ ಕಲ್ಲು ತೋರಿಸಿರಿ ನೋಡೋಣ ಎಂದರು. ‘ಆ ಬಾಗಿಲದಾಗ ಯಾರೂ ರೊಟ್ಟಿ ಬಡಿಯಂಗಿಲ್ಲಲ್ರೀ’ ಎಂದು ದೊಡ್ಡಮ್ಮ ಅದನ್ನೂ ಅಲ್ಲಿಗೇ ಮುಗಿಸಿದರು.

ಧಾನ್ಯಕ್ಕೆ ನುಸಿ ಬೀಳದ ಹಾಗೆ ಜರ್ಮನಿಯಲ್ಲಿ ಹಿಟ್ಟಿನ ಖಾನೆಯನ್ನು ಓಕ್ ಮರದಲ್ಲಿ ಮಾಡಿದ್ದರು ಎಂದು ಒಂದು ಸಂಜೆ ವಿವರಿಸಿದರು. ಮೂಲೆಯಲ್ಲಿ ಕೂತು ಕೇಳುತ್ತಿದ್ದ ಅವರ ತಾಯಿ, ‘ತಮ್ಮಾ, ಜೋಳಕ್ಕ ಬೇವಿನ ಸೊಪ್ಪು ಹಾಕ್ತೀವಿ, ತೊಗರಿಬ್ಯಾಳಿಗೆ ಹರಳೆಣ್ಣಿ ಸವರ್ತೀವಿ. ನೀ ಹೊಸ ಡಬ್ಬಿಗೆ ಹಾಕೋ ಮುಂದ ಸೊಪ್ಪು ತಗದು ಒಗದಿ. ಈಗ ನೋಡು’ ಎಂದರು. ಮೇಷ್ಟ್ರು ನೋಡಿದರು. ಡಬ್ಬಿ ಪಾರದರ್ಶಕವಾದ್ದರಿಂದ ನುಸಿ ಓಡಾಡುವುದು ಚೆನ್ನಾಗಿ ಕಾಣುತ್ತಿತ್ತು.

ಸೋಲೊಪ್ಪಿಕೊಂಡರೆ ಮೇಷ್ಟ್ರು ಹೇಗಾದಾರು? ಇತಿಹಾಸಕ್ಕೆ ಮೊರೆಹೋದರು. ಸರ್ಕಾರವೂ ವರ್ಗಾವಣೆ ಮಾಡುವುದಿಲ್ಲವೇ? ಬಳ್ಳಾರಿ 1953ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು, ಆ ಅಕ್ಟೋಬರಿನಲ್ಲಿ ಮೈಸೂರಿಗೆ ಬಂತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆಗೆ ಹಾಕಿದರು, 2018ರಲ್ಲಿ ವಾಪಸ್ ಬಳ್ಳಾರಿಗೆ ತಂದರು, 2021ರಲ್ಲಿ ಎತ್ತಿ ವಿಜಯನಗರಕ್ಕೆ ಇಟ್ಟರು. ಕೊಟ್ಟೂರು ಕೂಡ್ಲಿಗಿಯಿಂದ ಬಿಡಿಸಿಕೊಂಡು ತಾನೇ ತಾಲ್ಲೂಕಾಯಿತು. ಜನ ಹೊಂದಿಕೊಳ್ಳಲಿಲ್ಲವೇ? ಪಾಠ ಚೆನ್ನಾಗಿತ್ತು, ಕಟ್ಟೆಯ ಮೇಲೆ ಕೂತಿದ್ದ ನಾವೂ ತಲೆದೂಗಿದೆವು.

ದೊಡ್ಡಮ್ಮ ಒಳಗಿಂದಲೇ ಕೇಳಿದರು: ‘ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಎಲ್ಲೈತ್ರಿ ಈಗ?’

‘ಮೊದಲಿದ್ದಲ್ಲೇ.’

‘ಅವರು ಹೆಸರು ಬದ್ಲ ಮಾಡಿದ್ರು, ಊರು ಇದ್ದಲ್ಲೇ ಬಿಟ್ರು. ನೀವು ಹೆಸರು ಬೇಕಾದ್ದು ಬರೀರಿ, ನನ್ನ ಜೀರಿಗಿ ಡಬ್ಬಿ ಇದ್ದಲ್ಲಿ ಇಡ್ರಿ.’

ಆಡಳಿತದ ಬಗ್ಗೆ ಇಷ್ಟು ಸ್ಪಷ್ಟವಾದ ಮಾತನ್ನು ನಾನು ವಿಧಾನಸಭೆಯ ವರದಿಯಲ್ಲೂ ಓದಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಮೇಷ್ಟ್ರು ಮಾಡಿದ್ದೆಲ್ಲ ಕೆಟ್ಟದ್ದಲ್ಲ. ಮಕ್ಕಳ ಎತ್ತರಕ್ಕೆ ಗೋಡೆಗೆ ಒಂದು ಪಟ್ಟಿ ಹೊಡೆದು ಟಿಫಿನ್ ಡಬ್ಬಿ, ನೀರಿನ ಬಾಟಲಿಗಳನ್ನು ಅಲ್ಲಿ ತೂಗುಹಾಕಿದ್ದರು. ಹುಡುಗರು ಈಗ ತಾವೇ ತೆಗೆದುಕೊಂಡು, ಸಂಜೆ ತೊಳೆದು, ತಾವೇ ಸಿಕ್ಕಿಸುತ್ತಾರೆ. ಅಡ್ಡ ಮಲಗಿಸಿಟ್ಟಿದ್ದ ಸ್ಪೇರ್ ಸಿಲಿಂಡರನ್ನು ಗಾಳಿ ಆಡುವ ಕಡೆ ನೆಟ್ಟಗೆ ನಿಲ್ಲಿಸಿದ್ದು, ಬಿರುಕು ಬಿಟ್ಟ ಗ್ಯಾಸ್ ಪೈಪು ಬದಲಿಸಿದ್ದು ಅವರೇ. ಸೊಸೆ ಇವೆರಡನ್ನೂ ಬಾಯಿತುಂಬ ಹೇಳುತ್ತಾಳೆ. ಬೇಡವಾದ ಮೂರು ಡಜನ್ ಪ್ಲಾಸ್ಟಿಕ್ ಡಬ್ಬಿ ಹೊರಗೆ ಹೋದದ್ದೂ ಪುಣ್ಯದ ಕೆಲಸವೇ. ದೊಡ್ಡಮ್ಮ ಅದರಲ್ಲಿ ಅರ್ಧ ರಾತ್ರಿಯೇ ವಾಪಸ್ ತಂದರೆಂಬುದು ಬೇರೆ ಮಾತು.

ಕೊನೆಯ ಪರೀಕ್ಷೆ ಭರತ ಹುಣ್ಣಿಮೆಗೆ ಬಂತು. ಮೈಲಾರದ ಜಾತ್ರೆ ಎಂದರೆ ನಮ್ಮ ಕಡೆ ಮನೆಮನೆಗೂ ನೆಂಟರು. ರಾಣೆಬೆನ್ನೂರು, ಹಾವೇರಿ ಕಡೆಯವರು ಹೊಳೆ ದಾಟಿ ಬರುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ ನುಡಿದ ಕಾರ್ಣಿಕವನ್ನು ಮಳೆಗೆ ಹಚ್ಚಬೇಕೋ ರಾಜಕೀಯಕ್ಕೋ ಎಂದು ಗಂಡಸರು ಪಡಸಾಲೆಯಲ್ಲಿ ಚರ್ಚೆಗೆ ಕೂತರು. ಮೇಷ್ಟ್ರು ಅಧ್ಯಕ್ಷತೆ ವಹಿಸಿದರು. ಒಳಗೆ ಆ ಕಿರುಕೋಣೆಯಲ್ಲಿ ದೊಡ್ಡಮ್ಮ, ಸೊಸೆ, ಇಬ್ಬರು ನಾದಿನಿಯರು, ಗೋಡೆಯಾಚೆಯಿಂದ ಬಂದ ನೆಗೆಣ್ಣಿ. ಒಬ್ಬರ ಮೊಣಕೈ ಇನ್ನೊಬ್ಬರ ಸೊಂಟಕ್ಕೆ ತಾಗುವ ಇಕ್ಕಟ್ಟಿನಲ್ಲಿ ಹೋಳಿಗೆ, ಕಟ್ಟಿನ ಸಾರು, ಬುಟ್ಟಿ ತುಂಬ ರೊಟ್ಟಿ ಎದ್ದವು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಪ್ರತಿಯೊಬ್ಬರೂ ಬೇಕಾದ ಡಬ್ಬಿ ತೆಗೆದರು, ಕೆಲಸ ಮುಗಿದ ಮೇಲೆ ಕೈಗೆ ಹತ್ತಿರವಾದ ಕಡೆ ಇಟ್ಟರು. ಸಂಜೆ ಪಂಕ್ತಿ ಮುಗಿಯುವ ಹೊತ್ತಿಗೆ ಎಣ್ಣೆ, ಸಾಸಿವೆ, ಜೀರಿಗೆ, ಇಂಗು ಒಲೆಯ ಬಲಕ್ಕೆ ಒಂದೇ ಗುಂಪಾಗಿ ಕೂತಿದ್ದವು. ಚಹಾಪುಡಿ ಸಕ್ಕರೆಯನ್ನು ಕೂಡಿಕೊಂಡಿತ್ತು. ಹೆಸರಿನ ಚೀಟಿಗಳು ಹೋಳಿಗೆಯ ಎಣ್ಣೆಕೈಗೆ ಸಿಕ್ಕಿ ಉದುರಿಹೋಗಿದ್ದವು.

ಮೇಷ್ಟ್ರು ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಗೌಂಡಿಯನ್ನು ಕರೆಸಿ ಮೂಲೆಯಲ್ಲಿ ನೆಲದೊಲೆ ಮತ್ತೆ ಹಾಕಿಸಿದರು. ‘ಇದು ಎರಡನೇ ಹಂತದ ಯೋಜನೆ’ ಎಂದು ನಮಗೆ ಹೇಳಿದರು. ಈಗ ಅವರ ಕಣ್ಣು ಬೀರುವಿನ ಮೇಲಿದೆಯಂತೆ. ದೊಡ್ಡಮ್ಮ ಅದರ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ.

ನಿಮ್ಮ ಮನೆಯಲ್ಲೂ ಈ ವರ್ಷ ಯಾರಾದರೂ ನಿವೃತ್ತರಾಗುವವರಿದ್ದರೆ ಈಗಲೇ ಓಡಾಡಿ ಅವರಿಗೊಂದು ಕಾರ್ಯದರ್ಶಿ ಹುದ್ದೆ ಕೊಡಿಸಿ. ಹಾಲಿನ ಸಂಘ, ಗ್ರಂಥಾಲಯ, ತೇರಿನ ಕಮಿಟಿ, ಯಾವುದಾದರೂ ಆದೀತು. ಅಲ್ಲಿ ಲೆಕ್ಕದ ಪುಸ್ತಕ ಇರಬೇಕು, ಒಲೆ ಇರಬಾರದು.