ಎಪ್ಪತ್ತೆರಡು ಗಂಟೆಯ ಚೀಲ, ಏಳು ತಿಂಗಳ ಫೈಲು

ಪ್ರಕೃತಿ ವಿಕೋಪಕ್ಕೆಂದು ಪ್ರತಿ ಮನೆಯಲ್ಲೂ ಒಂದು ತುರ್ತು ಚೀಲ ಸಿದ್ಧವಿರಬೇಕು ಅಂತ ವಿಪತ್ತು ನಿರ್ವಹಣೆಯವರು ಹೇಳುತ್ತಲೇ ಇರುತ್ತಾರೆ. ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು, ಕೆಡದ ತಿಂಡಿ, ಟಾರ್ಚು, ಸೆಲ್ಲು, ರೇಡಿಯೊ, ಸೀಟಿ, ಮಾತ್ರೆ, ನೆನೆಯದ ಕವರಿನಲ್ಲಿ ಕಾಗದಪತ್ರ. ಮೂರೇ ದಿನ ಯಾಕೆಂದರೆ, ಎಪ್ಪತ್ತೆರಡು ಗಂಟೆಯೊಳಗೆ ಸರ್ಕಾರ ಬಂದು ಕೈ ಹಿಡಿಯುತ್ತದೆ ಎಂಬ ಲೆಕ್ಕ. ಈ ಲೆಕ್ಕ ಹಾಕಿದವರು ಯಾರೋ ಪುಣ್ಯಾತ್ಮರು. ಕೋಲಾರದ ಕಡೆ ತಲೆ ಹಾಕಿ ಮಲಗಿದವರಂತೂ ಅಲ್ಲ.

ಮೊದಲ ಐಟಂ ನೀರು. ಮೂರು ದಿನದ ನೀರು ಹಿಡಿದಿಟ್ಟುಕೊಳ್ಳಿ ಎಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೆಂಗಸರಿಗೆ ಹೇಳುವ ಧೈರ್ಯ ಯಾವ ಅಧಿಕಾರಿಗಿದೆಯೋ ಗೊತ್ತಿಲ್ಲ. ನಲ್ಲಿಗೆ ನೀರು ಬಿಟ್ಟ ದಿನ ಸಂಪು, ಸಿಂಟೆಕ್ಸು, ನೀಲಿ ಡ್ರಮ್ಮು, ಬಿಂದಿಗೆ, ಕೊನೆಗೆ ದೇವರ ಮನೆಯ ತಂಬಿಗೆಯನ್ನೂ ಬಿಡದೆ ತುಂಬಿಸಿ, ಮುಂದಿನ ಸರದಿ ಬರುವವರೆಗೆ ಚೊಂಬಿನ ಲೆಕ್ಕದಲ್ಲಿ ಸಂಸಾರ ತೂಗಿಸುವ ಮನೆಗಳಿವು. ಮೂರು ದಿನಕ್ಕಾಗಿ ಮಿಗುವಷ್ಟು ನೀರಿದೆ ಅಂದರೆ ಆ ಮನೆಗೆ ಅವತ್ತು ಧೈರ್ಯವಾಗಿ ನೆಂಟರನ್ನು ಕರೆಯಬಹುದು.

ಕುಡಿಯುವ ನೀರಿನದು ಬೇರೆಯೇ ಖಾತೆ. ನೆಲದೊಳಗಿನ ನೀರಿನಲ್ಲಿ ಫ್ಲೋರೈಡ್ ಇದೆ, ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ ಎಂದು ಸರ್ಕಾರವೇ ಹೇಳಿ ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿತು. ಐದು ರೂಪಾಯಿ ಬಿಲ್ಲೆ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುತ್ತದೆ. ನೋಟು ಕೊಟ್ಟರೆ ಆಗದು. ಎರಡರ ಎರಡು, ಒಂದರ ಒಂದು ಸೇರಿಸಿ ಹಾಕಿದರೆ ಯಂತ್ರ ಮುನಿಸಿಕೊಂಡು ಉಗಿಯುತ್ತದೆ. ಅಂಗಡಿಯವನು ಚಿಲ್ಲರೆ ಕೊಡಬೇಕಾದರೆ ಶಾಂಪೂ ಪ್ಯಾಕೆಟ್ಟಾದರೂ ಕೊಳ್ಳಬೇಕು. ಹಾಗಾಗಿ ನಮ್ಮ ತುರ್ತು ಚೀಲಕ್ಕೆ ಬಾಟಲಿಗಿಂತ ಮೊದಲು ಬೀಳಬೇಕಾದ್ದು ಐದರ ಬಿಲ್ಲೆಗಳ ಗಂಟು. ಬಿಲ್ಲೆ ನುಂಗಿದ ಯಂತ್ರ ಅರ್ಧ ಕ್ಯಾನು ತುಂಬುವಷ್ಟರಲ್ಲಿ ಕರೆಂಟು ಹೋದರೆ, ಮಿಕ್ಕ ಹತ್ತು ಲೀಟರಿಗೆ ಯಾರ ಕಾಲು ಹಿಡಿಯಬೇಕು ಅನ್ನುವುದು ವಿಪತ್ತಿನ ಯಾವ ಕೈಪಿಡಿಯಲ್ಲೂ ಇಲ್ಲ.

ಸರ್ಕಾರವೂ ನಮಗೆಂದು ಒಂದು ದೊಡ್ಡ ಚೀಲ ಕಟ್ಟಿದೆ, ಇಲ್ಲ ಅನ್ನಬಾರದು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ನರಸಾಪುರದ ಕಡೆಯ ಲಕ್ಷ್ಮೀಸಾಗರ ಕೆರೆಗೆ ಬಂತು; ಬೆಂಗಳೂರಿನವರು ಬಳಸಿ ಬಿಟ್ಟ ನೀರನ್ನು ಎರಡು ಹಂತ ಸಂಸ್ಕರಿಸಿದ್ದು. ಮರು ತಿಂಗಳೇ ಕೆರೆಯಲ್ಲಿ ನೊರೆ ಎದ್ದು, ವಿಷಯ ಹೈಕೋರ್ಟಿಗೆ ಹೋಯಿತು. ಆಮೇಲೆ ಬತ್ತಿದ ಬೋರುಗಳಲ್ಲಿ ನೀರು ಮೇಲೆ ಬಂದದ್ದೂ ಸುಳ್ಳಲ್ಲ. ಇನ್ನೊಂದು, ಪಶ್ಚಿಮ ಘಟ್ಟದ ನೀರನ್ನು ಇತ್ತ ತಿರುಗಿಸುವ ಎತ್ತಿನಹೊಳೆ ಯೋಜನೆ. 2014ರಲ್ಲಿ ಶಂಕುಸ್ಥಾಪನೆಯಾಗಿ, 12,912 ಕೋಟಿಯ ಅಂದಾಜು 23,251 ಕೋಟಿಗೆ ಏರಿ, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದ ಕಡೆ ಮೊದಲ ಹಂತದ ಪಂಪು ಚಾಲೂ ಆಯಿತು. ಕೆಡದ ಪದಾರ್ಥವನ್ನೇ ಚೀಲಕ್ಕೆ ಹಾಕಿ ಅನ್ನುತ್ತದೆ ಪಟ್ಟಿ. ಈ ಒಂದು ಭರವಸೆ ಚುನಾವಣೆಯಿಂದ ಚುನಾವಣೆಗೆ ಹೊತ್ತರೂ ಹಳಸಿಲ್ಲ.

ಟಾರ್ಚಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ತ್ರೀ ಫೇಸ್ ಕರೆಂಟು ರಾತ್ರಿ ಎರಡು ಗಂಟೆಗೆ ಬಂದರೆ ಎದ್ದು ಹೋಗಿ ಮೋಟರು ಹಾಕಿ, ಬದುವಿನ ಮೇಲೆ ಹಾವು ನೋಡಿಕೊಂಡು ಮಡಿ ತಿರುವುವವನ ಕೈಯಲ್ಲಿ ಅದು ದಿನವೂ ಇರುತ್ತದೆ. ಸೀಟಿಯಂತೂ ದಂಡ. ಊದಿದರೆ ನೀರುಗಂಟಿ ಬರುವುದಾದರೆ ಕೊಂಡುಕೊಳ್ಳೋಣ.

ತಿಂಡಿಯ ವಿಷಯಕ್ಕೆ ಬಂದರೆ ಸ್ವಲ್ಪ ಕೂತು ಮಾತಾಡಬೇಕು. ಬಿಸ್ಕತ್ತು, ನೂಡಲ್ಸ್, ಎನರ್ಜಿ ಬಾರು ಇಟ್ಟುಕೊಂಡು ಆರು ತಿಂಗಳಿಗೊಮ್ಮೆ ಎಕ್ಸ್‌ಪೈರಿ ನೋಡಿ ಅನ್ನುತ್ತಾರೆ. ಧಾತು, ಈಶ್ವರ ಸಂವತ್ಸರದ ಬರ, ಅಂದರೆ 1876ರಿಂದ ಮೂರು ವರ್ಷ ಮೈಸೂರು ಸೀಮೆಯನ್ನು ಉರಿಸಿ ಹತ್ತು ಲಕ್ಷದಷ್ಟು ಜನರನ್ನು ಬಲಿ ತೆಗೆದುಕೊಂಡ ಬರವನ್ನು ಕಂಡ ಹಿರಿಯರಿಗೆ ಈ ಎಕ್ಸ್‌ಪೈರಿಯ ತಲೆನೋವು ಇರಲಿಲ್ಲ. ನೆಲದೊಳಗೆ ಹಗೇವು ತೋಡಿ ರಾಗಿ ಸುರಿದು ಬಾಯಿ ಮುಚ್ಚಿದರೆ, ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತಿತ್ತು. ಪ್ರಯಾಣಕ್ಕೆ ಹುರಿಹಿಟ್ಟು, ಬೆಲ್ಲ, ನೀರು ಬೆರೆಸಿದರೆ ಊಟ. ಈಗ ಹಗೇವಿದ್ದ ಅಂಗಳದಲ್ಲಿ ಸೆಪ್ಟಿಕ್ ಟ್ಯಾಂಕಿದೆ. ರಾಗಿ ಹೊಲದಲ್ಲಿ ನೀಲಗಿರಿ ನಿಂತಿದೆ. ಹುರಿಹಿಟ್ಟು ಮಾತ್ರ ‘ಮಿಲೆಟ್ ಹೆಲ್ತ್ ಮಿಕ್ಸ್’ ಅಂತ ಡಬ್ಬಿ ಹತ್ತಿ, ಬೆಂಗಳೂರಿನ ಮಾಲ್‌ನಲ್ಲಿ ಎಕ್ಸ್‌ಪೈರಿ ಡೇಟಿನ ಸಮೇತ ಕೂತಿದೆ.

ಮುನ್ನೆಚ್ಚರಿಕೆಯಲ್ಲಿ ಸರ್ಕಾರ ಹಿಂದೆ ಬಿದ್ದಿದೆ ಎಂದು ಯಾರೂ ಹೇಳದಿರಲಿ. 2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲುಗಳು ಒಮ್ಮೆಗೇ ಕರ್ಕಶವಾಗಿ ಅರಚಿಕೊಂಡವು. ಗಾಬರಿಯಿಂದ ತೆಗೆದು ನೋಡಿದರೆ, ಇದು ಪರೀಕ್ಷೆ, ನೀವೇನೂ ಮಾಡಬೇಕಿಲ್ಲ, ಕಡೆಗಣಿಸಿ ಎಂಬ ಅರ್ಥದ ಸಂದೇಶ. ಆ ಹೊತ್ತಿಗೆ ಮಳೆ ಕೈಕೊಟ್ಟು ರಾಗಿ ಹೊಲದಲ್ಲೇ ಒಣಗಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ ಕೊನೆಗೆ 223 ಬರದ ಪಟ್ಟಿ ಸೇರಿದ ವರ್ಷ ಅದು. ಏನೂ ಮಾಡಬೇಕಿಲ್ಲ, ಕಡೆಗಣಿಸಿ ಎಂಬ ಮಾತನ್ನು ಜನರಿಗಿಂತ ಶ್ರದ್ಧೆಯಿಂದ ಪಾಲಿಸಿದವರು ದೆಹಲಿಯಲ್ಲಿದ್ದರು. ಸೆಪ್ಟೆಂಬರ್‌ನಲ್ಲಿ ಬರ ಘೋಷಿಸಿ 18,171 ಕೋಟಿ ಕೇಳಿದ ರಾಜ್ಯ, ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್ ಕೊನೆಗೆ 3,454 ಕೋಟಿ ಪಡೆಯಿತು. ಎಪ್ಪತ್ತೆರಡು ಗಂಟೆ ಅಂದಿದ್ದರು. ಏಳು ತಿಂಗಳಾಯಿತು. ಆ ನಡುವೆ ರಾಜ್ಯ ಸರ್ಕಾರ ತನ್ನ ಕೈಯಿಂದ ರೈತನೊಬ್ಬನಿಗೆ ಹೆಚ್ಚೆಂದರೆ ಎರಡು ಸಾವಿರ ಕೊಟ್ಟು, ಸದ್ಯಕ್ಕೆ ಇಟ್ಟುಕೋ ಅಂದಿತ್ತು. ಎರಡು ಸಾವಿರಕ್ಕೆ ಬೋರು ಕೊರೆಯುವ ತಿರುಚೆಂಗೋಡಿನ ಲಾರಿ ಹೊಲದ ದಾರಿಗೂ ಇಳಿಯುವುದಿಲ್ಲ. ಸಾವಿರದೈನೂರು ಅಡಿಯ ಮಾತು ಬಿಡಿ.

ಆದ್ದರಿಂದ ನಮ್ಮ ಜಿಲ್ಲೆಯ ನಿಜವಾದ ತುರ್ತು ಚೀಲ ಯಾವುದೆಂದರೆ, ಬೀರುವಿನ ಮೇಲಿರುವ ಆ ಪಾರದರ್ಶಕ ಪ್ಲಾಸ್ಟಿಕ್ ಫೈಲು. ಅದರ ಗುಂಡಿ ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಸುತ್ತಿದೆ. ಒಳಗೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ರೇಷನ್ ಕಾರ್ಡು, ರೈತರ ನೋಂದಣಿಯ ಫ್ರೂಟ್ಸ್ ಐಡಿ ಬರೆದ ಚೀಟಿ, ಎಲ್ಲಕ್ಕೂ ಮೂರು ಮೂರು ಜೆರಾಕ್ಸು, ಒಂದಕ್ಕೊಂದು ಅಂಟಿಕೊಂಡ ಪಾಸ್‌ಪೋರ್ಟ್ ಫೋಟೊಗಳು. ಇದನ್ನು ಕಂಕುಳಲ್ಲಿಟ್ಟುಕೊಂಡು ಕೌಂಟರಿನ ಮುಂದೆ ನಿಂತವನಿಗೂ ಒಳಗಿನವರಿಗೂ ನಡೆಯುವ ಮಾತು ಎಲ್ಲ ತಾಲ್ಲೂಕಿನಲ್ಲೂ ಹೆಚ್ಚುಕಡಿಮೆ ಒಂದೇ.

“ಪಹಣಿ ಬೇರೆಯವರ ಹೆಸರಲ್ಲೈತಲ್ಲಣ್ಣ?”

“ನಮ್ಮ ತಾತಂದು ಸ್ವಾಮಿ.”

“ತಾತನ್ನ ಕರ್ಕೊಂಡು ಬನ್ನಿ, ತಂಬ್ ಕೊಡ್ಬೇಕು.”

“ಅವರು ಹೋಗಿ ಇಪ್ಪತ್ತು ವರ್ಷ ಆಯ್ತು ಸ್ವಾಮಿ.”

“ಹಂಗಾದ್ರೆ ಡೆತ್ ಸರ್ಟಿಫಿಕೇಟು, ವಂಶವೃಕ್ಷ ತಂದು ಪೌತಿ ಖಾತೆಗೆ ಅರ್ಜಿ ಹಾಕಿ. ಇವತ್ತು ಸರ್ವರ್ ಇಲ್ಲ.”

“ಯಾವಾಗ ಬರ್ತದೆ?”

“ಮಳೆ ಥರ. ಹೇಳಕ್ಕಾಗಲ್ಲ.”

ತಾತನನ್ನು ದಾಟಿದರೂ ಶೇಕಡಾ 33 ಎಂಬ ಹೊಸ್ತಿಲಿದೆ. ಬೆಳೆ ಅಷ್ಟಾದರೂ ಹಾಳಾಗಿದ್ದರೆ ಪರಿಹಾರ. ಮೂವತ್ತೆರಡಕ್ಕೆ ನಿಂತರೆ ಪ್ರಕೃತಿಯದು ತಪ್ಪಿಲ್ಲ. ಶ್ರೀನಿವಾಸಪುರದ ಮಾವಿಗೆ ಆಲಿಕಲ್ಲು ಹೊಡೆದಾಗ ಕಾಯೆಲ್ಲ ಉದುರುವುದಿಲ್ಲ, ಏಟು ತಿಂದು ಮರದಲ್ಲೇ ನೇತಾಡುತ್ತದೆ. ಸಮೀಕ್ಷೆಗೆ ಬಂದವರ ಕಣ್ಣಿಗೆ ಅದು ಫಸಲು, ಮಂಡಿಯವರ ಕಣ್ಣಿಗೆ ಕಸ. ಎಲ್ಲ ಗೆದ್ದು ಬಂದ ಮಳೆಯಾಶ್ರಿತ ಬೆಳೆಗಾರನಿಗೆ 2023ರ ಬರದಲ್ಲಿ ಸಿಕ್ಕಿದ್ದು ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಸುಮಾರು 3,440 ಬಿತ್ತು. ಅದರಲ್ಲಿ ಜೆರಾಕ್ಸಿನ ಖರ್ಚು, ಬಸ್ ಚಾರ್ಜು ಕಳೆದುಕೊಳ್ಳಿ.

ಇಷ್ಟರವರೆಗೆ ನೀರಿಲ್ಲದ ವಿಕೋಪ. ನೀರಿನ ವಿಕೋಪವೂ ಬರುತ್ತದೆ ಎಂದು ಹೇಳಿದರೆ ಇಲ್ಲಿ ನಗುತ್ತಾರೆ. 2021ರ ನವೆಂಬರ್‌ನಲ್ಲಿ ನಗುತ್ತಿದ್ದವರ ಅಂಗಳಕ್ಕೆ ಬಂತು. ಎಷ್ಟೋ ವರ್ಷದಿಂದ ಒಡಲು ಬಿರಿದು ಬಿದ್ದಿದ್ದ ಕೆರೆಗಳು ಒಂದರ ಹಿಂದೆ ಒಂದು ಕೋಡಿ ಬಿದ್ದವು, ಮರಳಿನ ಹೊಂಡವಾಗಿದ್ದ ಪಾಲಾರ್ ಹೊಳೆ ಮೈದುಂಬಿ ತಮಿಳುನಾಡಿನ ವೆಲ್ಲೂರಿನವರೆಗೂ ಹರಿಯಿತು. ಜನ ಮೊದಲು ಮಾಡಿದ ಕೆಲಸ, ಸಂಸಾರ ಸಮೇತ ಆಟೊ ಹತ್ತಿ ಕೋಡಿ ನೋಡಲು ಹೋಗಿದ್ದು. ಎರಡನೆಯದು ಸೆಲ್ಫಿ. ಶಾಸಕರು ಬಾಗಿನ ಬಿಟ್ಟರು. ಹೊಲದಲ್ಲಿ ಟೊಮೆಟೊ ಕೊಳೆತು ನೀರಾಗಿ, ಊರೂರಲ್ಲಿ ಕಿಲೋ ನೂರು ರೂಪಾಯಿ ಮುಟ್ಟಿತು. ಬೆಲೆ ಏರಿದಾಗ ಬೆಳೆದವನ ಬಳಿ ಹಣ್ಣೇ ಇರಲಿಲ್ಲ.

ಒಣಗಿದ ಹೊಳೆ ಏನು ಮಾಡೀತು ಅನ್ನುವವರು 1903ರ ನವೆಂಬರನ್ನು ಕೇಳಬೇಕು. ಇದೇ ಪಾಲಾರ್ ಉಕ್ಕಿ ಕೆಳಗಿನ ವಾಣಿಯಂಬಾಡಿಯಲ್ಲಿ ಇನ್ನೂರರಷ್ಟು ಜನ ಕೊಚ್ಚಿಹೋದರು. ಒಂದು ಕೆರೆಯ ಕೋಡಿ ನೀರು ಇನ್ನೊಂದು ಕೆರೆಗೆ ಸೇರುವಂತೆ ಹಿರಿಯರು ಸರಪಳಿ ಹೆಣೆದ ಸೀಮೆ ಇದು. ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲು ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ನಡುವಿನ ರಾಜಕಾಲುವೆಯನ್ನು ನಾವು ಮುಚ್ಚಿದೆವು, ಕೆರೆಯಂಗಳದ ಮಣ್ಣನ್ನು ಇಟ್ಟಿಗೆ ಗೂಡಿಗೆ ಹೊತ್ತೆವು, ಉಳಿದ ಜಾಗಕ್ಕೆ ಕಲ್ಲು ನೆಟ್ಟು ಸೈಟು ಮಾಡಿದೆವು. ಬೆಂಗಳೂರಿಗೆ ಹತ್ತಿರ, ಲೇಕ್ ವ್ಯೂ ಎಂದು ಬ್ರೋಷರು ಹೇಳುತ್ತದೆ. ಲೇಕು ಯಾವ ಕಡೆಯಿಂದ ಕಾಣುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಜೋರು ಮಳೆ ಬಂದ ರಾತ್ರಿ ಬೆಡ್‌ರೂಮಿನಿಂದಲೇ ಕಾಣುತ್ತದೆ. ಅಂಥ ಮನೆಯಲ್ಲಿ ಟಾರ್ಚು, ಸೀಟಿ, ಬಿಸ್ಕತ್ತು ಎಲ್ಲ ತೇಲುತ್ತಿರುತ್ತವೆ.

ಚೀಲ ಕಟ್ಟಬೇಡಿ ಅನ್ನುತ್ತಿಲ್ಲ. ಬಿ.ಪಿ., ಶುಗರ್ ಮಾತ್ರೆ ಇರುವ ಮನೆಯವರು ವಾರಕ್ಕಾಗುವಷ್ಟು ಖಂಡಿತ ಎತ್ತಿಡಿ, ಫೈಲಿಗೆ ಒಂದು ಜಿಪ್ ಕವರು ಹಾಕಿ, ತಾತನ ಪೌತಿ ಖಾತೆಯನ್ನು ಬಿಸಿಲಿರುವಾಗಲೇ ಮುಗಿಸಿಕೊಳ್ಳಿ. ಮಾಲೂರು, ನರಸಾಪುರದ ಕಡೆ ಸೈಟು ನೋಡುತ್ತಿರುವವರು ಏಜೆಂಟಿನ ಕಾರು ಹತ್ತುವ ಮೊದಲು ಮೊಬೈಲಿನಲ್ಲಿ ಸರ್ಕಾರದ್ದೇ ಆದ ದಿಶಾಂಕ್ ಆ್ಯಪ್ ತೆರೆದು ಸರ್ವೆ ನಂಬರ್ ಒತ್ತಿ. ದುಡ್ಡು ಕೊಡಬೇಕಿಲ್ಲ. ಅಲ್ಲಿ ಕೆರೆಯೋ ರಾಜಕಾಲುವೆಯೋ ಕಂಡರೆ ಅಡ್ವಾನ್ಸ್ ಕೊಡಬೇಡಿ.