ಪುಸ್ತಕದ ರಿಕವರಿ ಎಷ್ಟು?

ಜನವರಿ ಒಂದನೇ ತಾರೀಖಿನ ಮನುಷ್ಯನ ಮಾತನ್ನು ನಂಬಬಾರದು. ಸಾಲ ತೀರಿಸುತ್ತೇನೆ, ಹೊಟ್ಟೆ ಇಳಿಸುತ್ತೇನೆ ಎನ್ನುತ್ತಾನೆ. ತಂಬಾಕಿಗೇ ಹೆಸರಾದ ನಿಪ್ಪಾಣಿಯಲ್ಲಿ ನಿಂತು ತಂಬಾಕು ಬಿಡುತ್ತೇನೆ ಎಂದೂ ಅಂದುಬಿಡುತ್ತಾನೆ. 2025ರ ಆ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಹುಟ್ಟಿದ ಹುಕಿ ಇದಕ್ಕಿಂತ ದೊಡ್ಡದು. ಈ ವರ್ಷ ಎಲ್ಲರೂ ತಿಂಗಳಿಗೆ ಎರಡರಂತೆ ಪುಸ್ತಕ ಓದಿ ಮುಗಿಸಬೇಕು!

ಹುಕಿ ಹುಟ್ಟಿಸಿದವರು ಗಣಿತದ ಮಾಸ್ತರರು. ಅವರ ಮೊಬೈಲಿನಲ್ಲಿ ಗುಡ್‌ರೀಡ್ಸ್ ಎಂಬ ಆ್ಯಪ್ ಇತ್ತು. 2011ರಿಂದ ಅದು ಲೋಕದ ಓದುಗರಿಗೆಲ್ಲ ವರ್ಷಕ್ಕೊಂದು ಪಂಥ ಕಟ್ಟುತ್ತ ಬಂದಿದೆ. ನಾವು ಒಂದು ಸಂಖ್ಯೆ ಹೇಳಿದರಾಯಿತು, ಮುಂದಿನ ಲೆಕ್ಕವೆಲ್ಲ ಅದರದು. ಓದು ತಡವಾದರೆ ನೀವು ಇಷ್ಟು ಪುಸ್ತಕ ಹಿಂದೆ ಬಿದ್ದಿದ್ದೀರಿ ಎಂದು ಮುಖಕ್ಕೇ ಹೇಳುತ್ತದೆ. ಹಿಂದೆ ಬಿದ್ದಿದ್ದೀರಿ ಎಂದು ಹೇಳುವವರು ನಮಗೆ ಮೊದಲೇ ಕಡಿಮೆ ಇರಲಿಲ್ಲ.

ನಾವು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮಾಸ್ತರರು. ಚಿಕ್ಕೋಡಿಯನ್ನು ಬೇರೆ ಜಿಲ್ಲೆ ಮಾಡಿರಿ ಎಂಬ ಬೇಡಿಕೆ ವರ್ಷಗಟ್ಟಲೆಯಿಂದ ವಿಧಾನಸೌಧದ ಕಡೆ ಮುಖ ಮಾಡಿ ಕೂತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ನಾವು ಯಾವಾಗಲೋ ಜಿಲ್ಲೆಯಾಗಿಬಿಟ್ಟಿದ್ದೇವೆ. ಹೆಸರು ಮೇಲೆ ಬಂದರೆ ಹುಡುಗರು ಜಾಣರು, ಕೆಳಗಿಳಿದರೆ ಮಾಸ್ತರರು ದಡ್ಡರು. ಹೀಗಾಗಿ ಜನವರಿಯಿಂದ ಮಾರ್ಚಿನವರೆಗೆ ಬೆಳಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ರಾತ್ರಿ ಹುಡುಗರು ಓದುತ್ತಿದ್ದಾರೋ ಇಲ್ಲವೋ ಎಂದು ಮನೆಗಳಿಗೆ ಫೋನು. ಊರ ಮಕ್ಕಳನ್ನೆಲ್ಲ ಓದಲು ಕೂರಿಸುವವನಿಗೆ ತಾನು ಓದಲು ಕೂರುವ ಯೋಗ ಇರುವುದಿಲ್ಲ.

ನನಗೆ ಓದಲು ಜಾಗ ಸಿಕ್ಕಿದ್ದು ಮಿರಜದ ದಾರಿಯಲ್ಲಿ. ನಮ್ಮ ಕಡೆ ರೋಗ ಯಾವುದೇ ಇರಲಿ, ಬಂದು ಮಾತಾಡಿಸುವವರು ಕೇಳುವ ಮೊದಲ ಪ್ರಶ್ನೆ "ಮಿರಜಕ್ಕ ತೋರಿಸಿದ್ರೇನ್ರಿ?" ಎಂಬುದೇ. ರಾಜ್ಯದ ಗಡಿ ಕಾಗವಾಡದ ಆಚೆ ಮುಗಿದರೂ ನಮ್ಮ ಕಾಯಿಲೆಗಳ ಗಡಿ ಮಿರಜದವರೆಗೆ ಹಬ್ಬಿದೆ. ಅಪ್ಪನಿಗೆ ಎದೆ ಹಿಡಿದಂತಾಗಿ ಆ ವರ್ಷ ನಾವೂ ಅಲ್ಲಿಗೆ ತಿರುಗುವವರಾದೆವು. ರಾಯಬಾಗದಲ್ಲಿ ಪ್ಯಾಸೆಂಜರ್ ಹತ್ತಿದರೆ ಚಿಂಚಲಿ, ಕುಡಚಿ, ಕೃಷ್ಣೆಯ ಪೂಲು, ಉಗಾರ, ಶೇಡಬಾಳ, ವಿಜಯನಗರ, ಆಮೇಲೆ ಮಿರಜ. ಚಿಂಚಲಿ ಮಾಯಕ್ಕನ ಜಾತ್ರೆ ಇಲ್ಲದ ದಿನವಾದರೆ ಖಿಡಕಿಯ ಪಕ್ಕ ಸೀಟೂ ಸಿಗುತ್ತದೆ.

ಹಾಗೆ ಸೀಟು ಸಿಕ್ಕ ಒಂದು ದಿನ ಚೀಲದಿಂದ ಮಿರ್ಜಿ ಅಣ್ಣಾರಾಯರ 'ನಿಸರ್ಗ' ತೆಗೆದೆ. ಇದೇ ಗಡಿನಾಡಿನ ಜೈನ ಒಕ್ಕಲು ಮನೆಗಳ ಬದುಕನ್ನು ಇದೇ ನೆಲದ ಮಾತಿನಲ್ಲಿ ಹೇಳಿದ ಕಾದಂಬರಿ, 1945ರದು. ಅಪ್ಪ ಕೇಳಿದ:

"ಯಾರ ಬರದದ್ದು?"

"ಮಿರ್ಜಿ ಅಣ್ಣಾರಾಯರು. ಶೇಡಬಾಳದವರು."

"ಯಾವೂರ ಕತಿ?"

"ನಮ್ಮ ಕಡೀದ. ಹೊಲ, ಮನಿ, ಒಕ್ಕಲತನ."

"ಹೊಲಾ, ಮನೀ ಎಲ್ಲಾ ಖಿಡಕ್ಯಾಗ ಕಾಣಾಕತ್ತಾವ. ರೊಕ್ಕಾ ಕೊಟ್ಟು ಪುಸ್ತಕದಾಗ ಯಾಕ ನೋಡತಿ?"

ನಾನು ಪುಸ್ತಕ ಮಡಚಿದೆ. ಅಣ್ಣಾರಾಯರೂ ಮಾಸ್ತರಿಕೆ ಮಾಡಿದವರು. ಅದೇ ಕೆಲಸದ ನಡುವೆ ಅವರು ಕಾದಂಬರಿಗಳನ್ನು ಬರೆದರು, ನಾವು ಅವುಗಳಲ್ಲಿ ಒಂದನ್ನು ಓದಲು ರೈಲು ಹತ್ತಬೇಕಾಯಿತು. ದವಾಖಾನೆಯಲ್ಲಿ ನಂಬರು ಬರುವಷ್ಟರಲ್ಲಿ ಮತ್ತೆ ತೆರೆದೆ. ಅಲ್ಲಿ ನಂಬರು ಕೂಗುವುದು ಮರಾಠಿಯಲ್ಲಿ, ಕಾದು ಕೂತ ಅರ್ಧ ಮಂದಿ ನರಳುವುದು ಕನ್ನಡದಲ್ಲಿ. ಕೊನೆಗೆ ಒಳಗೆ ಹೋದಾಗ ಡಾಕ್ಟರರು ರಕ್ತ ಪರೀಕ್ಷೆಯ ಚೀಟಿ ಕೇಳಿದರು. ಜೇಬು ನೋಡಿದೆ, ಚೀಲ ನೋಡಿದೆ, ಅಪ್ಪನ ಟೊಪ್ಪಿಗೆಯ ಒಳಗೂ ನೋಡಿದೆ. ಚೀಟಿ 'ನಿಸರ್ಗ'ದ ಹಾಳೆಗಳ ನಡುವೆ, ನಾನು ಓದು ನಿಲ್ಲಿಸಿದಲ್ಲಿ ಇತ್ತು. ಡಾಕ್ಟರರು ಅದನ್ನು ಎಳೆದುಕೊಂಡರು. ಅಪ್ಪನ ಸಕ್ಕರೆ ಎಷ್ಟೆಂದು ಗೊತ್ತಾಯಿತು, ನಾನು ಓದಿದ ಪುಟ ಯಾವುದೆಂದು ಗೊತ್ತಿಲ್ಲದಾಯಿತು.

ಇತ್ತ ಸ್ಟಾಫ್ ರೂಮಿನಲ್ಲಿ ಪುಸ್ತಕಗಳ ಸಂಖ್ಯೆ ಓದಿಗಿಂತ ವೇಗವಾಗಿ ಏರುತ್ತಿತ್ತು. ಮೇ 20ರಂದು ಬಾನು ಮುಷ್ತಾಕರ 'ಹಾರ್ಟ್ ಲ್ಯಾಂಪ್'ಗೆ ಅಂತಾರಾಷ್ಟ್ರೀಯ ಬೂಕರ್ ಬಂತಲ್ಲ, ಹಿಂದಿ ಅಕ್ಕೋರು ಅದನ್ನು ತರಿಸಿದರು. ಅದರಲ್ಲಿ ಹನ್ನೆರಡು ಕತೆ. "ಕತಿ ಬ್ಯಾರೆ ಬ್ಯಾರೆ ಅದಾವಲ್ರಿ ಸರ್" ಎಂದು ಅವರು ಹನ್ನೆರಡು ಪುಸ್ತಕ ಬರೆಸಿದರು. ಪಿ.ಟಿ. ಮಾಸ್ತರರು ಗೋಡೆಯ ಕಾಲನಿರ್ಣಯ ಕ್ಯಾಲೆಂಡರಿನ ಬೆನ್ನ ಮೇಲಿನ ಲೇಖನಗಳನ್ನು ತಿಂಗಳಿಗೊಂದು ಎಂದು ಹಿಡಿಸಿದರು. ನಮ್ಮ ಕ್ಲಾರ್ಕ್ ಸಾಹೇಬರು ತಾವು ಶೇರುದಾರರಾಗಿದ್ದ ಸಹಕಾರಿ ಸಕ್ಕರೆ ಕಾರ್ಖಾನೆಯ ವಾರ್ಷಿಕ ವರದಿಯನ್ನು ಕಾದಂಬರಿ ವಿಭಾಗದಲ್ಲಿ ಸೇರಿಸಿದರು. ಯಾರೂ ತಕರಾರು ತೆಗೆಯಲಿಲ್ಲ. ಕೊನೆಗೆ ಗಣಿತದ ಮಾಸ್ತರರೇ ಫರ್ಮಾನು ಹೊರಡಿಸಿದರು: ದಾರದಿಂದಲೋ ಅಂಟಿನಿಂದಲೋ ಕಟ್ಟಿದ್ದು ಪುಸ್ತಕ, ಪಿನ್ನು ಹೊಡೆದದ್ದು ಪುಸ್ತಕವಲ್ಲ, ಮೊಳೆಗೆ ತೂಗಿದ್ದಂತೂ ಅಲ್ಲವೇ ಅಲ್ಲ.

ಶ್ರಾವಣ ಬಂತು. ಕಲ್ಲೋಳ–ಯಡೂರ ಸೇತುವೆಯ ಮೇಲೆ ನೀರು ಬಂತೇ ಎಂದು ಎಲ್ಲರೂ ಮೊಬೈಲ್ ನೋಡುವ ಕಾಲ. 2019 ಮತ್ತು 2021ರ ನೆರೆ ಕಂಡವರಿಗೆ ಆ ತಿಂಗಳಲ್ಲಿ ನಿದ್ದೆ ಹತ್ತುವುದು ಕಷ್ಟ. ಅಂಥ ದಿನಗಳಲ್ಲೂ ಅವ್ವ ಮಾತ್ರ ಸಂಜೆಯಾದರೆ ಸೆರಗು ಹೊದ್ದು ಮಠಕ್ಕೆ ಹೊರಡುತ್ತಿದ್ದಳು. ಮಠದಲ್ಲಿ ಪುರಾಣ. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ನಡುನಡುವೆ ಪೇಟಿ, ತಬಲಾ, ತಿಂಗಳ ಕೊನೆಗೆ ಮಂಗಲ, ಹುಗ್ಗಿ. ಅವ್ವನಿಗೆ ಅಕ್ಷರ ಬಾರದು. ಆದರೆ ವರ್ಷಕ್ಕೊಂದು ದಪ್ಪ ಪುಸ್ತಕವನ್ನು ಅವಳು ತಪ್ಪದೆ ಮುಗಿಸುತ್ತಾಳೆ.

ನೋಡಿದರೆ ನಮ್ಮ ಸೀಮೆಯಲ್ಲಿ ಓದಿನ ಪಂಥ ಹೊಸದೇನಲ್ಲ. ನವರಾತ್ರಿಯ ಒಂಬತ್ತು ದಿನದಲ್ಲಿ ದೇವಿ ಪುರಾಣ ಮುಗಿಯಬೇಕು. ಗುರುಚರಿತ್ರೆ ಹಿಡಿದವರು ಏಳು ದಿನದಲ್ಲಿ ಮುಗಿಸಬೇಕು. ಶೇಡಬಾಳ, ಸದಲಗಾ, ಭೋಜದ ಬಸದಿಗಳಿಗೆ ದಶಲಕ್ಷಣ ಪರ್ವದಲ್ಲಿ ಹೋಗಿರಿ: ದಿನಕ್ಕೊಂದರಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಕ್ಕೆ ಹತ್ತು ದಿನ. ಓದು ಬಲ್ಲವರ ಮನೆಗಳಿಗೆ 1933ರಿಂದ ಧಾರವಾಡದ ಮನೋಹರ ಗ್ರಂಥಮಾಲೆ ಇತ್ತು. ಜಿ.ಬಿ. ಜೋಶಿಯವರು ವರ್ಷದ ಚಂದಾ ಪಡೆದು ಪುಸ್ತಕಗಳನ್ನು ಮನೆಗೇ ಕಳಿಸುತ್ತಿದ್ದರು. ಕಳಿಸಿದ್ದನ್ನು ಓದಿದಿರಾ ಎಂದು ಅವರು ವಿಚಾರಿಸಿದ್ದನ್ನು ನಾನಂತೂ ಕೇಳಿಲ್ಲ.

"ನಿನ್ನ ಪುಸ್ತಕ ಎಲ್ಲೀತನಕಾ ಬಂದಾವೋ?" ಎಂದು ಅವ್ವ ಕೇಳಿದಳು.

"ಹಿಂದ ಬಿದ್ದೇನಂತ ಮೊಬೈಲ ಹೇಳತೈತಿ ಬೇ."

"ಹಿಂದ ಬಿದ್ರ ಮುಂದಿನ ಕತಿ ಏನಾತಂತ ಅದರ ಹೇಳತೈತೇನು?"

"ಇಲ್ಲ."

"ಹಂಗಾರ ಅದರದೇನ ಉಪಯೋಗ? ನಾ ಒಂದಿನ ಮಠಕ್ಕ ಹೋಗಲಿಲ್ಲ ಅಂದ್ರ ಬಾಜೂಮನೀ ಅಕ್ಕಾ ಬಂದು ಕತಿ ಹೇಳಿ ಹೋಗತಾಳ."

ಆ ಆ್ಯಪಿನ ಅಮೆರಿಕದ ಕಂಪನಿಗೆ ಇಷ್ಟು ವರ್ಷವಾದರೂ ಹೊಳೆಯದ ಸೌಕರ್ಯವದು.

ಸೆಪ್ಟೆಂಬರ್ 22ಕ್ಕೆ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಮಾಸ್ತರರ ಕೊರಳಿಗೆ ಗುರುತಿನ ಚೀಟಿ, ಕೈಯಲ್ಲಿ ಮೊಬೈಲು, ಮನೆಗೆ ಅರವತ್ತು ಪ್ರಶ್ನೆ. ತೋಟದ ಮನೆಯ ಕಟ್ಟೆಯ ಮೇಲೆ ಒಟಿಪಿ ಬರುವುದನ್ನು ಕಾಯುತ್ತ ಒಂದೆರಡು ಪುಟ ಓದಬಹುದು ಎಂದು ಪುಸ್ತಕ ಒಯ್ದಿದ್ದೆ. ಕೊಟ್ಟಿಗೆಯ ಎಮ್ಮೆ ಅದರ ರಟ್ಟು ನೆಕ್ಕಿತು. 24ರಂದು ಭೈರಪ್ಪನವರು ತೀರಿಕೊಂಡ ಸುದ್ದಿ ಬಂತು. ಅಂದು ಸಂಜೆ ಗಣತಿ ಮುಗಿಸಿ ಚಹಾದಂಗಡಿಯಲ್ಲಿ ಸೇರಿದ ಮಾಸ್ತರರೆಲ್ಲ 'ಪರ್ವ'ವನ್ನು ಮತ್ತೊಮ್ಮೆ ಓದಲೇಬೇಕು ಎಂದರು. ಮತ್ತೊಮ್ಮೆ ಎಂಬ ಮಾತನ್ನು ಯಾರೂ ಬಿಡಿಸಿ ಕೇಳಲಿಲ್ಲ. ಇಡೀ ವರ್ಷದಲ್ಲಿ ನಮ್ಮ ನಡುವೆ ಪೂರ್ತಿ ಒಮ್ಮತ ಮೂಡಿದ್ದು ಅವತ್ತೊಂದೇ ದಿನ.

ಅಕ್ಟೋಬರ್ ಕೊನೆಗೆ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ರೈತರು ಕೂತರು. ಟನ್ನಿಗೆ 3500 ರೂಪಾಯಿ ಬೇಕು ಎಂಬ ಕೂಗು ಅಥಣಿ, ಚಿಕ್ಕೋಡಿಗಳಿಗೂ ಹಬ್ಬಿ ರಸ್ತೆಗಳು ಬಂದಾದವು. ನಮ್ಮ ಕಾಕಾ ಹಾಸಿಗೆ ಸುತ್ತಿಕೊಂಡು ಅಲ್ಲಿಗೆ ಹೋದ. ನವೆಂಬರ್ 7ರಂದು ಸರ್ಕಾರ 3300 ಎಂದು ಹೇಳಿತು, ಅದೂ ರಿಕವರಿ 11.25 ಇದ್ದರೆ. ಕಾಕಾ ಗಂಟಲು ಕಟ್ಟಿಸಿಕೊಂಡು ತಿರುಗಿ ಬಂದ. ನಮ್ಮ ಕಬ್ಬು ಕಡಿಯಲು ಟೋಳಿಯವರು ಯಾವಾಗ ಬರುತ್ತಾರೋ ಎಂದು ನಾನು ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದೆ. ತೊಡೆಯ ಮೇಲೆ ಪುಸ್ತಕವಿತ್ತು.

"ಈ ವರ್ಷ ಎಷ್ಟ ಓದಿದಿ ತಮ್ಮಾ?"

ಹೇಳಿದೆ. ಇನ್ನೂ ಎಷ್ಟು ಬಾಕಿ ಎಂದೂ ಹೇಳಿದೆ.

"ನೀ ಟನ್ನಿನ ಲೆಕ್ಕಾ ಹೇಳಾಕತ್ತಿ. ರಿಕವರಿ ಎಷ್ಟ?"

ಕಬ್ಬಿನ ದರ ನಿಲ್ಲುವುದೇ ಅದರ ಮೇಲೆ. ಕೇಂದ್ರ ಸರ್ಕಾರ ಆ ಹಂಗಾಮಿಗೆ ಕ್ವಿಂಟಲಿಗೆ 355 ರೂಪಾಯಿ ಎಂದದ್ದೂ ರಿಕವರಿ 10.25ಕ್ಕೆ. ಅಂದರೆ ನೂರು ಟನ್ ಕಬ್ಬು ಅರೆದರೆ ಚೀಲಕ್ಕೆ ಬೀಳುವ ಸಕ್ಕರೆ ಹತ್ತು ಟನ್ನಿನ ಮೇಲೆ ಚೂರು. ಉಳಿದದ್ದು ನೀರು, ಸಿಪ್ಪೆ, ಕಾಕಂಬಿ. ಬೆಳೆಗಾರನ ಬೆನ್ನು ಮುರಿಯುವುದು ನೂರು ಟನ್ನಿಗೇ, ಜಗತ್ತು ಸಿಹಿ ಎನ್ನುವುದು ಆ ಹತ್ತಕ್ಕೆ.

ಓದಿಗೂ ಅದೇ ದರಪಟ್ಟಿ ಹಚ್ಚಿ ನೋಡಿದೆ. ಅವ್ವ ಎಲ್ಲರಿಗಿಂತ ಮುಂದಿದ್ದಳು. ಅವಳದು ವರ್ಷಕ್ಕೆ ಒಂದೇ ಪುಸ್ತಕ, ಆದರೆ ಮರುವರ್ಷದ ಶ್ರಾವಣದಲ್ಲಿ ಕತೆ ಎಲ್ಲಿ ತಪ್ಪಿತು ಎಂದು ಓದುವವರಿಗೇ ಹೇಳುವಷ್ಟು ನೆನಪು. ಹಿಂದಿ ಅಕ್ಕೋರು ಹನ್ನೆರಡು ಎಂದು ಬರೆಸಿದ್ದರಲ್ಲಿ ಒಂದು ಕತೆಯನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಹೇಳುತ್ತ ಗಂಟಲು ತುಂಬಿ ನಿಲ್ಲಿಸಿದ್ದರು. ಅದು ಒಳ್ಳೆಯ ರಿಕವರಿ. ಮಿರಜದ ರೈಲಿನಲ್ಲಿ ನಾನು ತುಣುಕು ತುಣುಕಾಗಿ ಓದಿದ್ದೂ ಉಳಿದಿದೆ. ಶಾಲೆಗೆ ರಜೆ ಇದ್ದಾಗ ಸಂಖ್ಯೆ ತುಂಬಲೆಂದು ಓಡೋಡಿ ಓದಿದ ಪುಸ್ತಕಗಳ ಹೆಸರುಗಳನ್ನು ಮಾತ್ರ ಆ್ಯಪ್ ನೋಡಿಯೇ ಹೇಳಬೇಕು. ತಲೆಯ ಮೇಲೆ ಭಾರವಿದ್ದಾಗ ಎರಡೇ ಪುಟ ಓದಿದರೂ ಅವು ಒಳಗಿಳಿಯುತ್ತವೆ. ಭಾರದ ಮೇಲೆ ಇನ್ನೊಂದು ಭಾರವಾಗಿ ಓದಿದರೆ ಏನೂ ಇಳಿಯುವುದಿಲ್ಲ.

ಹೊಸ ವರ್ಷಕ್ಕೆ ಪಂಥ ಕಟ್ಟುವವರಿಗೆ ಆದ್ದರಿಂದ ಒಂದು ವಿನಂತಿ. ಮನೆಯಲ್ಲಿ ಪರೀಕ್ಷೆ, ದವಾಖಾನೆ, ಕಬ್ಬು, ಸಾಲ ಯಾವುದಾದರೂ ಒಂದು ಇದ್ದೇ ಇರುತ್ತದೆ. ಅವೆಲ್ಲ ಮುಗಿದ ಮೇಲೆ ಓದುತ್ತೇನೆ ಎನ್ನಬೇಡಿ, ಅವು ಮುಗಿಯುವುದಿಲ್ಲ. ಚೀಲದಲ್ಲಿ ಒಂದು ಪುಸ್ತಕ ಇಟ್ಟುಕೊಳ್ಳಿ, ಮುಗಿಯುವತನಕ ಅದೊಂದನ್ನೇ ಓದಿರಿ, ಓದಿದ್ದನ್ನು ನೆರೆಯ ಯಾರಿಗಾದರೂ ಹೇಳಿರಿ. ಚೀಟಿಗಳನ್ನು ಬೇರೆ ಕಿಸೆಯಲ್ಲಿಡಿ. ಹತ್ತು ಓದಿ ಒಂದು ನೆನಪಿನಲ್ಲಿ ಉಳಿದರೆ, ಕಾಕಾನ ಲೆಕ್ಕದಲ್ಲಿ ಅದು ಒಳ್ಳೆಯ ಹಂಗಾಮು.