ಮೌನಕ್ಕೆ ಮೂವತ್ತು ಸಾವಿರ

ನಮ್ಮ ಬಡಾವಣೆಯ ಪಾರ್ಕಿನ ಕಲ್ಲುಬೆಂಚು ಅಮೆರಿಕಕ್ಕೆ ಹೋಗಿಬಂದವರ ಪೀಠ. ಮಗಳ ಬಾಣಂತನಕ್ಕೋ ಮೊಮ್ಮಗನ ಹುಟ್ಟುಹಬ್ಬಕ್ಕೋ ಹೊರಟವರು ಅಲ್ಲಿ ಅಪ್ಪಣೆ ಪಡೆದೇ ವಿಮಾನ ಹತ್ತಬೇಕು. ಮೊದಲೆಲ್ಲ ಅಲ್ಲಿ ಸಾರಿನಪುಡಿಯನ್ನು ಕಸ್ಟಮ್ಸ್‌ನವರು ಬಿಡುತ್ತಾರೋ ಇಲ್ಲವೋ ಎಂಬ ಚರ್ಚೆ ನಡೆಯುತ್ತಿತ್ತು. ಈಗ ಪುಡಿಯ ಜಾಗದಲ್ಲಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೂತಿದೆ. "ಬೋಸ್ ತಗೊಳ್ಳಿ, ಇನ್ನೇನೂ ನೋಡ್ಬೇಡಿ" ಎನ್ನುವವರು ಒಂದು ಕಡೆ, "ಸೋನಿಗೆ ಸಮ ಉಂಟೇ?" ಎನ್ನುವವರು ಇನ್ನೊಂದು ಕಡೆ. ಬೆಲೆ ಮೂವತ್ತು ಸಾವಿರದ ಆಸುಪಾಸು ಎಂದು ಕೇಳಿ ನಾನು ನಾಸ್ತಿಕನಾಗುವುದರಲ್ಲಿದ್ದೆ.

ಬೋಸ್ ಎಂದರೆ ನಮ್ಮವರೇ, ಅರ್ಧದಷ್ಟಾದರೂ. ಆ ಕಂಪನಿ ಕಟ್ಟಿದ ಅಮರ್ ಬೋಸ್ ಅವರ ತಂದೆ ಬ್ರಿಟಿಷರ ಕಣ್ಣು ತಪ್ಪಿಸಿ ಅಮೆರಿಕ ಸೇರಿದ ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ. ಮಗ ಎಂಐಟಿಯಲ್ಲಿ ಪ್ರೊಫೆಸರ್ ಆಗಿದ್ದರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಮರಳುವಾಗ ವಿಮಾನದಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡರೆ ಸಂಗೀತಕ್ಕಿಂತ ಎಂಜಿನ್ನೇ ಜೋರಾಗಿ ಕೇಳಿತಂತೆ. ನಾವಾದರೆ ಪಕ್ಕದವರ ಹತ್ತಿರ ಗೊಣಗಿ ಕಣ್ಣು ಮುಚ್ಚುತ್ತಿದ್ದೆವು. ಅವರು ಕಾಗದ ತೆಗೆದು ಲೆಕ್ಕ ಹಾಕತೊಡಗಿದರು. ಅದು ಅಂಗಡಿಯ ಸರಕಾಗಲು ಮಾತ್ರ ಹತ್ತು ವರ್ಷದ ಮೇಲಾಯಿತು: 1989ರಲ್ಲಿ ಪೈಲಟ್‌ಗಳಿಗೆ, 2000ದಲ್ಲಿ ನಮ್ಮಂಥ ಪ್ರಯಾಣಿಕರಿಗೆ.

ಸೂತ್ರ ಅದಕ್ಕೂ ಹಳೆಯದು. ಪಾಲ್ ಲ್ಯೂಗ್ ಎಂಬ ಜರ್ಮನ್ 1936ರಲ್ಲೇ ಪೇಟೆಂಟ್ ಪಡೆದಿದ್ದ. ಬರುವ ಸದ್ದಿನ ಅಲೆಯನ್ನು ಮೈಕು ಆಲಿಸುತ್ತದೆ. ಅಷ್ಟೇ ಬಲದ, ಆದರೆ ತದ್ವಿರುದ್ಧವಾದ ಅಲೆಯನ್ನು ಯಂತ್ರ ಹೊರಡಿಸುತ್ತದೆ. ಎರಡೂ ಸೇರಿದರೆ ಮೌನ. ನಮ್ಮ ಕುಟುಂಬದ ಆಸ್ತಿ ಪಾಲಿನ ಮಾತುಕತೆಯಲ್ಲೂ ಎರಡು ಪಕ್ಷಗಳು ಸಮಬಲದವು, ತದ್ವಿರುದ್ಧವಾದವು. ಅಲ್ಲಿ ಹುಟ್ಟಿದ ಸದ್ದು ಮಾತ್ರ ಇನ್ನೂ ಕೋರ್ಟಿನಲ್ಲಿದೆ.

ಅಂಗಡಿಗೆ ಹೋದೆ. ಅಲ್ಲೇ ತೊಡಕು. ತಣ್ಣಗೆ, ಸದ್ದಿಲ್ಲದೆ ಇರುವ ಷೋರೂಮಿನಲ್ಲಿ ಸದ್ದಡಗಿಸುವ ಸಾಧನವನ್ನು ಪರೀಕ್ಷಿಸುವುದು ಹೇಗೆ? "ಹಾಕ್ಕೊಳ್ಳಿ ಸರ್, ಫೀಲ್ ಮಾಡಿ" ಎಂದ ಹುಡುಗ. ಕಿವಿ ಬೆಚ್ಚಗಾಯಿತು, ಅಷ್ಟೆ. "ಹೊರಗೆ ಬಸ್‌ಸ್ಟಾಪಿನವರೆಗೆ ಹೋಗಿ ಬರಲೇ?" ಎಂದೆ. ಅವನು ನನ್ನ ಚಪ್ಪಲಿ ನೋಡಿ, ಬೇಡ ಎಂದ. ಪುಣ್ಯಕ್ಕೆ ಕರೆಂಟ್ ಹೋಯಿತು. ಹಿತ್ತಲಿನ ಜನರೇಟರ್ ಗುಡುಗತೊಡಗಿತು. ಹೆಡ್‌ಫೋನ್ ಏರಿಸಿ ಗುಂಡಿ ಒತ್ತಿದೆ: ಜನರೇಟರ್ ಯಾವುದೋ ಪಕ್ಕದ ಊರಿಗೆ ಹೋದಂತಾಯಿತು. ಆದರೆ, ಇಂಥವರು ಹೆಚ್ಚಾಗಿ ಕೊಳ್ಳುವುದಿಲ್ಲ ಎಂದು ಹುಡುಗ ಗೆಳೆಯನಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿಸಿತು.

ಅದೂ ಭೌತಶಾಸ್ತ್ರವೇ. ನೂರು ಹರ್ಟ್ಸ್‌ನ ಗೊರಗೊರ ಸದ್ದಿನ ಒಂದೊಂದು ಅಲೆ ಮೂರು ಮೀಟರಿಗೂ ಉದ್ದ. ಅದನ್ನು ಅಳೆದು ಎದುರಲೆ ಕೂಡಿಸುವುದು ಸುಲಭ. ಸಾವಿರ ಹರ್ಟ್ಸ್ ದಾಟಿದರೆ ಅಲೆಗಳು ಗೇಣುದ್ದಕ್ಕೆ ಇಳಿಯುತ್ತವೆ, ಕೂದಲೆಳೆ ತಡವಾದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ಎಂಜಿನ್ ಅಡಗುತ್ತದೆ, ಹಿಂದಿನ ಸೀಟಿನ ಕೂಸಿನ ಅಳು ಅಡಗುವುದಿಲ್ಲ. ನನಗೋ ಎಂಜಿನ್ ಮೇಲೆ ಎಂದೂ ಮುನಿಸಿರಲಿಲ್ಲ. ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಅದು ಸದ್ದು ಮಾಡುತ್ತಿದ್ದರೇ ಕ್ಷೇಮ.

ಆದರೂ ಕೊಂಡೆ. ಪೀಠಕ್ಕೆ ಉತ್ತರ ಹೇಳಬೇಕಲ್ಲ! ಆಯ್ಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಬ್ರಾಂಡಿಗಿಂತ ನಿಮ್ಮ ಕನ್ನಡಕ ಮುಖ್ಯ. ಕನ್ನಡಕದ ಕಡ್ಡಿ ದಪ್ಪವಿದ್ದರೆ ಮೆತ್ತೆ ಕಿವಿಗೆ ಕೂರದೆ ಸಂದಿನಲ್ಲಿ ಸದ್ದು ನುಸುಳುತ್ತದೆ. ವೈರ್ ಮರೆಯಬೇಡಿ; ಸೀಟಿನ ಎದುರಿನ ಪರದೆ ಎಷ್ಟೋ ಕಡೆ ಬ್ಲೂಟೂತ್ ಅರಿಯದು, ಕೆಲವು ಹಳೆಯ ಸೀಟುಗಳಲ್ಲಿ ಎರಡು ತೂತುಗಳಿರುತ್ತವೆ, ಅದಕ್ಕೊಂದು ಅಡಾಪ್ಟರ್ ಬೇಕು. ತಲೆ ಒರಗಿಸಿ ಮಲಗುವವರಿಗೆ ಮಾತ್ರ ಇಯರ್‌ಬಡ್ಸೇ ಲೇಸು.

ಇದರ ನಿಜವಾದ ಮಹಿಮೆ ತಿಳಿದದ್ದು ವಿಮಾನದಲ್ಲಿ. ಪಕ್ಕದ ಸೀಟಿನ ಯಜಮಾನರು ಬಾಗಿಲು ಮುಚ್ಚುವ ಮೊದಲೇ ತಮ್ಮ ಅಳಿಯನ ಸಂಬಳ, ಸೈಟಿನ ಅಳತೆ ಎರಡನ್ನೂ ಹೇಳಿ ಮುಗಿಸಿ ನನ್ನ ಗೋತ್ರಕ್ಕೆ ಕೈಹಾಕಿದ್ದರು. ಹೆಡ್‌ಫೋನ್ ಏರಿಸಿದೆ. ಅವರ ಒಂದು ಅಕ್ಷರವೂ ಕ್ಯಾನ್ಸಲ್ ಆಗಲಿಲ್ಲ. ಎಂಜಿನ್ ಅಡಗಿದ್ದರಿಂದ ಮಾತು ಇನ್ನೂ ತಿಳಿಯಾಗಿ ಕೇಳುತ್ತಿತ್ತು. ಆದರೆ ಈಗ ಉತ್ತರಿಸುವ ಹೊಣೆ ನನ್ನದಲ್ಲ! ಈ ಸೌಲಭ್ಯ ಯಾವ ಜಾಹೀರಾತಿನಲ್ಲೂ ಇಲ್ಲ, ಇದಕ್ಕೆ ಬ್ಯಾಟರಿಯೂ ಬೇಡ. ಚಾರ್ಜ್ ಮುಗಿದ ಮೇಲೂ ನಾನು ತೆಗೆಯಲಿಲ್ಲ.

ಅವರು ಎರಡು ಸಲ ಭುಜ ತಟ್ಟಿದರು. ಕಣ್ಣು ಮುಚ್ಚಿಯೇ ಇದ್ದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, ದನಿ ತಗ್ಗಿಸುವ ಗೋಜಿಗೂ ಹೋಗದೆ ಹೇಳಿದರು: "ಪಾಪ, ಪೂರ್ತಿ ಕಿವುಡು ಅಂತ ಕಾಣುತ್ತೆ ಕಣೇ. ಮಷೀನು ಎಷ್ಟು ದೊಡ್ಡದು ಕೊಟ್ಟಿದಾರೆ ನೋಡು!"